ತಾಯಿಯ ಪಾವು

ಅಡಿಗೆಯ ಪುಸ್ತಕದಲ್ಲಿ ಅಕ್ಕಿಯನ್ನು ಗ್ರಾಮಿನಲ್ಲಿ ಹೇಳಿರುವದನ್ನು ಕಂಡು, ಇದು ನಮ್ಮ ಪಾವಿಗೆ ಎಷ್ಟಾಯಿತೆಂದು ಕೇಳದ ಗೃಹಿಣಿಯು ಭಾಗಮಂಡಲದ ಸೀಮೆಯಲ್ಲಿ ವಿರಳ. ಅಚ್ಚಾದ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿದರೆ ತೀರಿತೆಂದು ಹಲವರು ಎಣಿಸುತ್ತಾರೆ. ನಾವು ಹಾಗೆ ಎಣಿಸುವದಿಲ್ಲ.

ಯಾಕಂದರೆ ಪಾತ್ರೆಯು ಒಂದೇ ಆದರೂ ಅದರೊಳಗಿನ ಭಾರವು ಒಂದೇ ಆಗಿರದು. ಒಂದು ಲೀಟರು ನೀರು ಒಂದು ಕಿಲೋ ತೂಗುವದು. ಅಷ್ಟೇ ಅಕ್ಕಿಯು ಸುಮಾರು 800 ಗ್ರಾಂ. ಜರಡಿ ಹಿಡಿದ ಗೋಧಿಹಿಟ್ಟು 500ರ ಆಸುಪಾಸು. ಅದೇ ಹಿಟ್ಟನ್ನು ಅದುಮಿ ತುಂಬಿದರೆ 600ನ್ನು ಮೀರೀತು. ಜೇನಾದರೋ 1,400ರ ಸುತ್ತಮುತ್ತ ತೂಗುವದೆಂಬುದನ್ನು ನಮ್ಮೂರಿನ ಜೇನು ಕೊಂಡವರು ಸೀಸೆಯನ್ನು ಎತ್ತಿದೊಡನೆ ಬಲ್ಲರು.

ಇದರ ಮೇಲೆ ಹಳೆಯ ತೊಡಕೊಂದುಂಟು. ಹಿಂದೆ ಸೇರೆಂಬ ಒಂದೇ ಹೆಸರು ಎರಡು ಕೆಲಸಗಳನ್ನು ಮಾಡುತ್ತಿತ್ತು. ತಕ್ಕಡಿಯ ಸೇರು 80 ತೊಲೆ, ಅಂದರೆ ಸುಮಾರು 933 ಗ್ರಾಂ. ಅಳೆಯುವ ಸೇರು ನಾಲ್ಕು ಪಾವು, ಅದು ಊರಿಗೊಂದು ಬಗೆ. ಗೋಪುರವಾಗಿ ತುಂಬಿದರೆ ಒಂದು, ತಲೆ ಸವರಿದರೆ ಇನ್ನೊಂದು. 1956ರ ಕಾಯಿದೆಯ ತರುವಾಯ, 1958ರಿಂದ ಹಂತಹಂತವಾಗಿ, ಅಂಗಡಿಗಳಲ್ಲಿ ಕಿಲೋಗ್ರಾಮು ನೆಲೆಸಿತು. ಆದರೆ ತಾಯಂದಿರ ಬರಹಪುಸ್ತಕಗಳು ಪಾವಿನಲ್ಲಿಯೇ ಉಳಿದವು.

ನಾವು ಪರಊರಿಗೆ ಹೋದ ಹೊಸತರಲ್ಲಿ ಕಡಂಬುಟ್ಟು ಮಾಡಹೊರಟು ನಗೆಗೀಡಾದೆವು. "ಒಂದಕ್ಕೆ ಎರಡು ನೀರು" ಎಂಬುದು ತಾಯಿಯವರ ಮಾತು. ಅಕ್ಕಿತರಿಯನ್ನು ವಿದ್ಯುತ್ ಕುಕ್ಕರಿನ ಬಟ್ಟಲಿನಿಂದ ಅಳೆದೆವು, ನೀರನ್ನು ದೊಡ್ಡ ಲೋಟದಿಂದ ಹೊಯ್ದೆವು. ಆ ಬಟ್ಟಲು 180 ಮಿಲಿಲೀಟರಿನದು, ಅಮೇರಿಕದ ಪುಸ್ತಕಗಳ ಕಪ್ಪು ಸುಮಾರು 237, ನಮ್ಮ ಲೋಟವು ಇನ್ನೂ ದೊಡ್ಡದು. ಉಂಡೆ ಕಟ್ಟಲಿಕ್ಕೆ ಬಾರದೆ ಆ ದಿನ ಅಂಬಲಿಯನ್ನೇ ಉಂಡದ್ದಾಯಿತು. ತರಿಗೂ ನೀರಿಗೂ ಒಂದೇ ಪಾತ್ರೆಯನ್ನು ಹಿಡಿದಿದ್ದರೆ ಯಾವ ಪಟ್ಟಿಯೂ ಬೇಕಿರಲಿಲ್ಲ.

ಆದಕಾರಣ ಪಾಲಿನಿಂದ ಹೇಳಿದ ಅಡಿಗೆಯನ್ನು ಗ್ರಾಮಿಗೆ ತರುವ ಶ್ರಮ ವ್ಯರ್ಥವೆಂದೇ ನಮ್ಮ ಅಭಿಪ್ರಾಯವು. ಕೇಕಿನ ಹಿಟ್ಟಿಗೂ ಮದುವೆಯ ಮನೆಯ ಅಡಿಗೆಗೂ ತಕ್ಕಡಿಯೇ ಸರಿ. ಉಪ್ಪಿಗಂತೂ ಅವಶ್ಯ: ಪುಡಿಯುಪ್ಪು ಚಿಕ್ಕ ಚಮಚೆಗೆ ಸುಮಾರು 6 ಗ್ರಾಂ ಬಂದರೆ, ಕಲ್ಲುಪ್ಪು ಅದೇ ಚಮಚೆಯಲ್ಲಿ ಅಷ್ಟು ತೂಗದು.

ಕೈಯಳತೆ ಇರುವಾಗ ಇದೆಲ್ಲ ಯಾಕೆಂದು ಹಿರಿಯರು ನಕ್ಕಾರು. ಕೈಯಳತೆಯನ್ನು ನಾವು ಹಗುರವಾಗಿ ಕಾಣುವವರಲ್ಲ. ಆದರೆ ಆ ಕೈಯು ಮಗಳೊಡನೆ ಬೆಂಗಳೂರಿಗೂ ದುಬಾಯಿಗೂ ಹೋಗಲಾರದಷ್ಟೆ. ಒಂದು ದಿನ ಮನೆಯಲ್ಲಿಯೂ ಇರಲಾರದು.

ಆದ್ದರಿಂದ, ಸಹೋದರಿಯರೇ, ರಜೆಗೆ ಮನೆಗೆ ಹೋದಾಗ ತಾಯಿಯ ಪಾವನ್ನೇ ಕೇಳಿ ತೆಗೆದುಕೊಳ್ಳಿರಿ. ಅವರ ಕೈಯಿಂದಲೇ ಅಕ್ಕಿ, ತರಿ, ಸಕ್ಕರೆಗಳನ್ನು ತುಂಬಿಸಿ, ಮೂರು ಮೂರು ಸಾರಿ ತೂಗಿ, ಅವರ ಪುಸ್ತಕದ ಮೊದಲನೆಯ ಪುಟದಲ್ಲಿ ಬರೆದಿಡಿರಿ. ಕಕ್ಕಡದ ಮಳೆ ಹಿಡಿಯುವ ಮೊದಲೇ ಆದರೆ ಲೇಸು. ಆ ತಿಂಗಳಲ್ಲಿ ತೆರೆದಿಟ್ಟ ಹಿಟ್ಟು ತೇವವನ್ನು ಎಳೆದು ಭಾರವಾಗುವದು. ಪಾವಿನ ಬದಿಯು ಎಲ್ಲಿಯಾದರೂ ತಗ್ಗಿದ್ದರೆ ಬಡಿದು ನೆಟ್ಟಗೆ ಮಾಡಬೇಡಿರಿ. ತಾಯಿಯವರು ಇಷ್ಟು ವರುಷ ಅಳೆದದ್ದು ಆ ತಗ್ಗಿದ ಪಾವಿನಿಂದಲೇ.