ಸುಧೆಯೂ ಸೌಧವೂ

ಮಳೆಗಾಲವು ಹಿಂದೆ ಸರಿದು ಶರತ್ಕಾಲದ ಬಿಸಿಲು ಅಂಗಳಕ್ಕೆ ಇಳಿಯುತ್ತಲೇ ನಮ್ಮ ನಾಡಿನ ಮನೆಮನೆಯಲ್ಲಿಯೂ ಒಂದು ಗಡಿಬಿಡಿ ಆರಂಭವಾಗುವುದು. ಅಟ್ಟದ ಸಾಮಾನು ಕೆಳಗಿಳಿಯುವುದು. ಮೂಲೆಯ ಜೇಡರ ಬಲೆ ಹರಿಯುವುದು. ಹಿತ್ತಾಳೆಯ ಹಂಡೆ ಕೊಡಗಳು ಬಾವಿಕಟ್ಟೆಗೋ ನಲ್ಲಿಯ ಬಳಿಗೋ ಬಂದು ಸಾಲಾಗಿ ಕುಳಿತುಕೊಳ್ಳುವುವು. ಮಹಾನವಮಿ ದೀಪಾವಳಿಗಳಿಗೆ ಮುನ್ನ ಮನೆಯನ್ನು ಶುಚಿಗೊಳಿಸಿ ಸಿಂಗರಿಸುವ ಈ ಪದ್ಧತಿಯು ನಮ್ಮಲ್ಲಿ ತಲೆಮಾರುಗಳಿಂದ ನಡೆದುಬಂದುದು. ಈಚೆಗೆ ಇದರೊಡನೆ ಖರ್ಚಿನ ಚಿಂತೆಯೂ ಸೇರಿಕೊಂಡಿದೆ. ಗೋಡೆಗೊಂದು ಡಬ್ಬ, ನೆಲಕ್ಕೊಂದು ಸೀಸೆ, ಗಾಜಿಗೆ ಇನ್ನೊಂದು, ಬಚ್ಚಲಿಗೆ ಮತ್ತೊಂದು ಎಂದು ಅಂಗಡಿಯ ಪಟ್ಟಿ ಬೆಳೆಯುತ್ತ ಹೋಗಿ, ಹಬ್ಬವು ಬರುವುದಕ್ಕೆ ಮೊದಲೇ ಹಬ್ಬದ ಹಣ ತೀರಿಹೋಗುವುದನ್ನು ಅನೇಕ ಗೃಹಸ್ಥರು ಬಲ್ಲರು.

ಈ ತಿಂಗಳು ನಾವು ವಾಚಕರ ಮುಂದೆ ಇಡಬಯಸುವ ಮಾತು ಒಂದೇ. ವೈದ್ಯನಾದವನು ರೋಗಿಯ ಪ್ರಕೃತಿಯನ್ನು ಅರಿಯದೆ ಔಷಧವನ್ನು ಕೊಡಲಾರನಷ್ಟೆ. ಹಾಗೆಯೇ ಮನೆಯು ಯಾವ ದ್ರವ್ಯದಿಂದ ಕಟ್ಟಲ್ಪಟ್ಟಿದೆಯೆಂಬುದನ್ನು ಅರಿಯದೆ ಅದಕ್ಕೆ ಬಣ್ಣವನ್ನಾಗಲಿ ತೊಳೆಯುವ ನೀರನ್ನಾಗಲಿ ತರಬಾರದು. ಪ್ರಕೃತಿಯನ್ನು ತಿಳಿದು ಮಾಡಿದರೆ ಅಗ್ಗದ ವಸ್ತುವೇ ಸಾಕಾಗುವುದು. ತಿಳಿಯದೆ ಮಾಡಿದರೆ ದುಬಾರಿಯ ವಸ್ತುವೂ ಕೆಡಿಸುವುದು, ಕೆಲವೊಮ್ಮೆ ಕೊಲ್ಲುವುದು.

ಮೊದಲು ಗೋಡೆಯ ವಿಚಾರ. ಸಂಸ್ಕೃತದಲ್ಲಿ ‘ಸುಧಾ’ ಎಂಬ ಶಬ್ದಕ್ಕೆ ಅಮೃತವೆಂಬ ಅರ್ಥವನ್ನು ಎಲ್ಲರೂ ಬಲ್ಲರು. ಅದೇ ಶಬ್ದಕ್ಕೆ ಗೋಡೆಗೆ ಬಳಿಯುವ ಸುಣ್ಣವೆಂಬ ಅರ್ಥವನ್ನೂ ನಿಘಂಟುಕಾರರು ಹೇಳಿದ್ದಾರೆ. ಸುಧೆಯನ್ನು ಬಳಿದ ಮನೆಯೇ ‘ಸೌಧ’. ಕಲ್ಲಿನಲ್ಲಿ ಕಟ್ಟಿ 1956ರಲ್ಲಿ ಪೂರ್ಣಗೊಂಡ ಬೆಂಗಳೂರಿನ ವಿಧಾನಸೌಧಕ್ಕೆ ಈ ಹೆಸರು ಗೌರವಾರ್ಥವಾಗಿ ಬಂದುದು. ಶಬ್ದಾರ್ಥವನ್ನು ಹಿಡಿದು ನೋಡಿದರೆ, ಸುಣ್ಣ ಬಳಿದ ಬಡವನ ಎರಡಂಕಣದ ಮನೆಯೇ ಹೆಚ್ಚು ಸಮಂಜಸವಾದ ಸೌಧವೆನ್ನಬೇಕು. ನಮ್ಮ ‘ಸುಣ್ಣ’ವಾದರೋ ‘ಚೂರ್ಣ’ ಶಬ್ದದ ತದ್ಭವ.

ಈ ಸುಣ್ಣದ ಬಾಳು ಕೌತುಕಕರವಾದುದು. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಶಾಖದಲ್ಲಿ ಸುಟ್ಟರೆ ಅದರೊಳಗಿನ ಇಂಗಾಲಾಮ್ಲ ವಾಯುವು ಹೊರಟುಹೋಗಿ, 100 ಕಿಲೋ ಶುದ್ಧವಾದ ಕಲ್ಲಿನಿಂದ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ತಗಲಿದೊಡನೆ ಅದು ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ಗೋಡೆಗೆ ಬಳಿದಾಗ ಅದು ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವನ್ನು ಮೆಲ್ಲಮೆಲ್ಲನೆ ಹೀರಿಕೊಂಡು ಮತ್ತೆ ಕಲ್ಲೇ ಆಗುತ್ತದೆ. ಅಂದರೆ ಸುಣ್ಣ ಬಳಿಯುವವನು ಗೋಡೆಗೆ ತೆಳ್ಳನೆಯ ಒಂದು ಕಲ್ಲಿನ ಹೊದಿಕೆಯನ್ನು ಹೊದಿಸುತ್ತಾನೆ. ಕರಾವಳಿಯಲ್ಲಿ ಚಿಪ್ಪನ್ನು ಸುಟ್ಟು ಮಾಡುವ ಸುಣ್ಣದ ಕಥೆಯೂ ಇದೇ.

ಈ ಹೊದಿಕೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳುಂಟು. ಮಣ್ಣಿನ ಗೋಡೆಯಾಗಲಿ ಗಚ್ಚುಗಾರೆಯ ಗೋಡೆಯಾಗಲಿ ನೆಲದ ಪಸೆಯನ್ನು ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆಳೆದುಕೊಳ್ಳುವುದು ಸಹಜ. ಸುಣ್ಣದ ಹೊದಿಕೆಯಿದ್ದರೆ ಆ ಪಸೆಯು ಹೊರಗೆ ಬಂದು ಆರಿಹೋಗುತ್ತದೆ. ಗೋಡೆಯು ಉಸಿರಾಡುತ್ತದೆಯೆಂದೇ ಹೇಳಬಹುದು. ಸುಣ್ಣದ ತೀಕ್ಷ್ಣವಾದ ಕ್ಷಾರಗುಣದಿಂದ ಹೊಸದಾಗಿ ಬಳಿದ ಗೋಡೆಯಲ್ಲಿ ಬೂಷ್ಟು ಬೇಗನೆ ಹಿಡಿಯಲಾರದು. ಅದೇ ಗೋಡೆಗೆ, ಹೊಳಪಿನ ಆಸೆಯಿಂದ, ಎಮಲ್ಷನ್ ಎಂದು ಕರೆಯುವ ಪ್ಲಾಸ್ಟಿಕ್ ಬಣ್ಣವನ್ನು ಬಳಿದರೆ ಏನಾಗುವುದು? ಗೋಡೆಯ ಬಾಯಿಯನ್ನು ಕಟ್ಟಿದಂತಾಗುವುದು. ಒಳಗಿನ ಪಸೆಗೆ ದಾರಿಯಿಲ್ಲದೆ ಬಣ್ಣವು ಹಪ್ಪಳದಂತೆ ಎದ್ದು ಬರುತ್ತದೆ. ಅದರ ಹಿಂದೆ ಗೋಡೆಯು ಉಪ್ಪು ಕಾರುತ್ತದೆ. ಮುಟ್ಟಿದರೆ ಮಣ್ಣು ಉದುರುತ್ತದೆ. ಯಜಮಾನನು ಬಣ್ಣವೇ ಕಳಪೆಯದೆಂದು ಭಾವಿಸಿ ಮುಂದಿನ ವರ್ಷ ಇನ್ನೂ ಬೆಲೆಯುಳ್ಳದ್ದನ್ನು ತರುತ್ತಾನೆ. ಹೀಗೆ ಅಜ್ಜನು ಕಟ್ಟಿಸಿದ ಗಟ್ಟಿಯಾದ ಗೋಡೆಯನ್ನು ಮೊಮ್ಮಗನು ಹಣ ಕೊಟ್ಟು ಕೆಡಿಸಿಕೊಳ್ಳುವುದುಂಟು. ಆದಕಾರಣ ಹಳೆಯ ಮನೆಯುಳ್ಳವರು ಸುಣ್ಣವನ್ನು ಬಡತನದ ಗುರುತೆಂದು ತಿಳಿಯಬಾರದು. ಅದು ಆ ಗೋಡೆಯ ಪಥ್ಯ.

ಮಾಡುವ ಕ್ರಮವನ್ನು ಹೇಳುತ್ತೇವೆ. ಒಂದು ಕಿಲೋ ಸುಟ್ಟ ಸುಣ್ಣಕ್ಕೆ ಐದು ಲೀಟರಿನಷ್ಟು ನೀರು ಎಂಬುದು ವಾಡಿಕೆಯ ಲೆಕ್ಕ. ಕಬ್ಬಿಣದ ಬಾಂಡಲಿಯಲ್ಲೋ ಕಲ್ಲಿನ ದೋಣಿಯಲ್ಲೋ ನೀರಿನ ಒಂದು ಭಾಗವನ್ನು ಮೊದಲು ತುಂಬಿ, ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಅದರೊಳಕ್ಕೆ ಹಾಕಬೇಕು. ಪ್ಲಾಸ್ಟಿಕ್ ಬಕೆಟು ಆ ಕಾವಿಗೆ ಬಾಗಿಹೋದೀತು. ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣವು ತಿಂದುಬಿಡುವುದು. ಒಂದು ದಿನವಾದರೂ ಅರಳಲು ಬಿಟ್ಟು, ಉಳಿದ ನೀರನ್ನು ಸೇರಿಸಿ, ದಪ್ಪ ಬಟ್ಟೆಯಲ್ಲಿ ಸೋಸಿ, ಬಿಸಿನೀರಿನಲ್ಲಿ ಕರಗಿಸಿದ ಗೋಂದನ್ನೋ ಅನ್ನದ ಗಂಜಿಯ ತಿಳಿಯನ್ನೋ ಸ್ವಲ್ಪ ಬೆರಸಿದರೆ ಸುಣ್ಣವು ಕೈಗೆ ಹತ್ತುವುದು ಕಡಮೆಯಾಗುತ್ತದೆ. ಬಟ್ಟೆಗೆ ಹಾಕುವ ನೀಲಿಯ ಒಂದು ಚಿಟಿಕೆಯು ಬಿಳುಪನ್ನು ಎತ್ತಿ ತೋರಿಸುವುದು. ಗೋಡೆಯ ಧೂಳನ್ನು ಝಾಡಿಸಿ, ಎದ್ದ ಪದರಗಳನ್ನು ಕೆರೆದು, ನೀರು ಚಿಮುಕಿಸಿ ತೇವಮಾಡಿಕೊಂಡು, ಹಾಲಿನಷ್ಟು ತೆಳುವಾದ ಸುಣ್ಣವನ್ನು ಬಳಿಯತಕ್ಕದ್ದು. ಬಳಿದೊಡನೆ ಗೋಡೆಯು ಬೆಳ್ಳಗಾಗಲಿಲ್ಲವೆಂದು ಯಾರೂ ಎದೆಗುಂದಬೇಕಾಗಿಲ್ಲ. ಒಣಗಿದಂತೆಲ್ಲ ಬಿಳುಪೇರುವುದೇ ಅದರ ಸ್ವಭಾವ. ಒಂದು ದಪ್ಪ ಬಳಿತಕ್ಕಿಂತ ಒಂದೊಂದು ದಿನ ಬಿಟ್ಟು ಬಳಿದ ಎರಡು ಮೂರು ತೆಳು ಬಳಿತಗಳು ಬಹುಕಾಲ ನಿಲ್ಲುವುವು.

ಇಲ್ಲಿ ಎರಡು ಎಚ್ಚರಿಕೆಗಳು. ಸುಣ್ಣ ಅರಳಿಸುವ ಕಡೆಗೆ ಮಕ್ಕಳನ್ನು ಬಿಡಬಾರದು; ಬಳಿಯುವವರು ಕಣ್ಣಿಗೆ ಕನ್ನಡಕವನ್ನೂ ಕೈಗೆ ಚೀಲವನ್ನೂ ಹಾಕಿಕೊಳ್ಳಬೇಕು. ಕಣ್ಣಿಗೆ ಸುಣ್ಣ ಬಿದ್ದರೆ ತುಪ್ಪ, ನಿಂಬೆರಸ ಮೊದಲಾದ ಮನೆಮದ್ದುಗಳನ್ನು ಮಾಡದೆ, ತಕ್ಷಣ ತಣ್ಣೀರಿನಿಂದ ಇಪ್ಪತ್ತು ನಿಮಿಷ ಎಡೆಬಿಡದೆ ತೊಳೆದು ವೈದ್ಯರಲ್ಲಿಗೆ ಓಡಬೇಕು. ತಡಮಾಡಿದರೆ ದೃಷ್ಟಿಯೇ ಹೋದೀತು. ಎರಡನೆಯದಾಗಿ, ಈಗಾಗಲೇ ಪ್ಲಾಸ್ಟಿಕ್ ಬಣ್ಣವನ್ನೋ ಎಣ್ಣೆಬಣ್ಣವನ್ನೋ ಉಂಡ ಗೋಡೆಗೆ ಸುಣ್ಣವು ಅಂಟುವುದಿಲ್ಲ. ಪಟ್ಟಣದ ಹೊಸ ಮನೆಗಳಲ್ಲಿ ವಾಸಿಸುವವರು ಅಂತಹ ಗೋಡೆಯನ್ನು ಸಾಬೂನಿನ ತೆಳು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೃದುವಾಗಿ ಒರೆಸಿದರೆ ಸಾಕು. ಎಷ್ಟೋ ಸಲ ಹೊಸ ಬಣ್ಣದ ಅಗತ್ಯವೇ ಬೀಳುವುದಿಲ್ಲ.

ಬಿಳುಪೊಂದೇ ಸಾಲದು, ಬಣ್ಣವೂ ಬೇಕೆನ್ನುವವರಿಗೆ ಭೂಮಿಯೇ ಬಣ್ಣದ ಅಂಗಡಿ. ಅರಿಸಿನಕ್ಕೆ ಸುಣ್ಣ ತಗಲಿದರೆ ಕೆಂಪಾಗುವುದನ್ನು ಆರತಿಯ ತಟ್ಟೆಯಲ್ಲಿ ಎಲ್ಲರೂ ನೋಡಿದ್ದಾರೆ. ಆದ್ದರಿಂದ ಅಂತಹ ಗಿಡಮೂಲದ ಬಣ್ಣಗಳನ್ನು ಸುಣ್ಣದಲ್ಲಿ ನಂಬಲಾಗದು. ಕೆಮ್ಮಣ್ಣು ಮತ್ತು ಹಳದಿ ಮಣ್ಣುಗಳ ಬಣ್ಣವಾದರೋ ಅವುಗಳಲ್ಲಿರುವ ಕಬ್ಬಿಣದ ಅಂಶದಿಂದ ಬಂದುದು. ಅದನ್ನು ಸುಣ್ಣವು ಕೆಡಿಸಲಾರದು. ಕರಾವಳಿಯ ದೇವಾಲಯಗಳ ಕಾವಿ ಕಲೆಯು ಕೆಮ್ಮಣ್ಣು ಸುಣ್ಣಗಳೆರಡರ ಸ್ನೇಹದಿಂದಲೇ ಹುಟ್ಟಿತು. ಮಲೆನಾಡಿನ ಸಾಗರ ಸೀಮೆಯ ದೀವರ ಮನೆಗಳಲ್ಲಿ ಹೆಂಗಸರು ಬರೆಯುವ ಹಸೆ ಚಿತ್ತಾರವನ್ನು ಬಲ್ಲವರಿಗೆ ಅಗ್ಗದ ಅಲಂಕಾರವೆಂದರೇನೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕೆಮ್ಮಣ್ಣು ಬಳಿದ ಗೋಡೆಯೇ ಅಲ್ಲಿ ಹಲಗೆ; ನೆನೆಸಿ ಅರೆದ ಅಕ್ಕಿಯೇ ಬಿಳಿ, ಹುರಿದು ಕರಿಮಾಡಿದ ಅಕ್ಕಿಯೇ ಕಪ್ಪು, ಗುರಿಗೆಯ ಕಾಯಿಯಿಂದ ಹಳದಿ; ಪುಂಡಿಯ ನಾರೇ ಕುಂಚ. ಮದುವೆಯ ಹಸೆಗೋಡೆಯ ಮೇಲೆ ಆ ಕೈಗಳು ಎಳೆಯುವ ನೇರವಾದ ಗೆರೆಗಳ ಮುಂದೆ ಅಳತೆಪಟ್ಟಿ ನಾಚಬೇಕು. ನಾವು ಅವರಂತೆ ಬರೆಯಲಾರೆವು. ಆದರೆ ಬಾಗಿಲ ಎರಡು ಮಗ್ಗುಲಿಗೆ ಕೆಮ್ಮಣ್ಣಿನ ಪಟ್ಟೆ, ಅದರ ಅಂಚಿಗೆ ಅಕ್ಕಿಹಿಟ್ಟಿನ ಚುಕ್ಕೆಗಳ ಸಾಲು, ಇಷ್ಟನ್ನು ಯಾವ ಮನೆಯ ಮಗುವಾದರೂ ಒಂದು ಮಧ್ಯಾಹ್ನದಲ್ಲಿ ಮಾಡಬಲ್ಲದು.

ಇನ್ನು ನೆಲ. ಇಲ್ಲಿಯೂ ಜಾತಿಯನ್ನು ಅರಿಯುವುದೇ ಮುಖ್ಯ. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಹಾಸಿರುವ ಶಹಾಬಾದ್ ಕಲ್ಲು, ಕಡಪಾ ಕಲ್ಲು, ಅಮೃತಶಿಲೆ, ಇವೆಲ್ಲ ಸುಣ್ಣದ ಕಲ್ಲಿನ ಕುಲದವು. ಹುಳಿಯೆಂಬುದು ಇವುಗಳಿಗೆ ಶತ್ರು. ಕಲೆ ತೆಗೆಯುವೆವೆಂದು ನಿಂಬೆಹಣ್ಣು, ವಿನಿಗರ್, ಆಸಿಡ್‌ಗಳನ್ನು ಸುರಿದರೆ ಕಲೆಯೊಡನೆ ಕಲ್ಲಿನ ನಯವೂ ಹೋಗುವುದು. ಆ ಒರಟಿನಲ್ಲಿ ಕೊಳೆಯು ಮೊದಲಿಗಿಂತ ಬೇಗ ಕೂರುವುದು. ರೆಡ್ ಆಕ್ಸೈಡಿನ ಕೆಂಪು ಗಾರೆ ನೆಲವೂ ಹುಳಿಯನ್ನು ತಾಳದು. ಇವಕ್ಕೆಲ್ಲ ಬೆಚ್ಚನೆಯ ನೀರು, ಸ್ವಲ್ಪ ಸಾಬೂನು ಅಥವಾ ಅಂಟುವಾಳದ ನೊರೆ, ಇಷ್ಟೇ ಸಾಕು. ಕೆಂಪು ನೆಲಕ್ಕೆ ಕೊಬ್ಬರಿ ಎಣ್ಣೆಯ ಕೆಲವು ಹನಿಗಳನ್ನು ಬಟ್ಟೆಗೆ ಹಾಕಿ ತಿಕ್ಕಿದರೆ ಹೊಳಪು ಬರುವುದು. ಆದರೆ ಎಣ್ಣೆಯ ಜಿಡ್ಡು ನಿಲ್ಲದಂತೆ ಒಣಬಟ್ಟೆಯಿಂದ ಚೆನ್ನಾಗಿ ಒರೆಸಬೇಕು. ನೆಲದ ಹೊಳಪಿಗಿಂತ ಮನೆಯ ಹಿರಿಯರ ಸೊಂಟವು ಬೆಲೆಯುಳ್ಳದ್ದು.

ಹಿತ್ತಾಳೆ ತಾಮ್ರಗಳಿಗೆ ಹುಣಿಸೆಹಣ್ಣೂ ಉಪ್ಪೂ ಸಾಕೆಂಬುದನ್ನು ನಾವು ಗೃಹಿಣಿಯರಿಗೆ ಕಲಿಸಹೊರಡುವುದು ಉದ್ಧಟತನವಾದೀತು. ಹುಣಿಸೆಯ ಹುಳಿಯು ಲೋಹದ ಮೇಲಿನ ಕಿಲುಬನ್ನು ಕರಗಿಸುವುದೆಂಬ ಕಾರಣವನ್ನು ಮಾತ್ರ ಹೇಳಿ, ತೊಳೆದೊಡನೆ ಒಣಬಟ್ಟೆಯಿಂದ ಒರೆಸದಿದ್ದರೆ ಮತ್ತೆ ಕಪ್ಪಾಗುವುದೆಂದು ನೆನಪುಮಾಡುತ್ತೇವೆ. ಅಡಿಗೆಯ ಸೋಡಾವನ್ನೂ ವಿನಿಗರನ್ನೂ ಕೂಡಿಸಿ ಇಟ್ಟುಕೊಂಡರೆ ಅದ್ಭುತವಾದ ದ್ರಾವಣವಾಗುವುದೆಂದು ಕೆಲವರು ಹೇಳುವರು. ಕ್ಷಾರವೂ ಆಮ್ಲವೂ ಒಂದನ್ನೊಂದು ತಿಂದು, ನೊರೆ ಅಡಗಿದ ಮೇಲೆ ಉಳಿಯುವುದು ಬಹುಮಟ್ಟಿಗೆ ಉಪ್ಪುನೀರು. ಜಿಡ್ಡಿಗೆ ಸೋಡಾ ಬೇರೆ, ನಲ್ಲಿಯ ಮೇಲೆ ಕಟ್ಟಿದ ಬಿಳಿಯ ಗಟ್ಟಿಗೆ ವಿನಿಗರ್ ಬೇರೆ. ಒಂದೊಂದನ್ನೂ ಅದರದರ ಕೆಲಸಕ್ಕೆ ಹಚ್ಚುವುದೇ ಜಾಣತನ.

ಆ ಬೆರಕೆಯಿಂದ ಕೆಡುವುದು ಹಣವೊಂದೇ. ಇನ್ನೊಂದು ಬೆರಕೆಯಿಂದ ಪ್ರಾಣವೇ ಹೋಗಬಹುದಾದುದರಿಂದ ಇದನ್ನು ಒತ್ತಿ ಹೇಳುತ್ತೇವೆ. ಬ್ಲೀಚಿಂಗ್ ಪುಡಿಯೆಂಬುದು ಅರಳಿದ ಸುಣ್ಣಕ್ಕೆ ಕ್ಲೋರಿನ್ ವಾಯುವನ್ನು ಉಣಿಸಿ ಮಾಡಿದ ವಸ್ತು. ಬಚ್ಚಲು, ಪಾಯಖಾನೆಗಳು ಬೇಗ ಬೆಳ್ಳಗಾಗಲೆಂದು ಇದರ ಮೇಲೆ ಆಸಿಡನ್ನು ಸುರಿದರೆ, ಅಡಗಿದ್ದ ಆ ವಾಯುವು ಕೂಡಲೇ ಹೊರನುಗ್ಗುತ್ತದೆ. 1915ರ ಏಪ್ರಿಲ್ 22ರಂದು, ಮೊದಲನೆಯ ಮಹಾಯುದ್ಧದಲ್ಲಿ, ಬೆಲ್ಜಿಯಂ ದೇಶದ ಈಪ್ರ್ ಪಟ್ಟಣದ ಬಳಿ ಶತ್ರುಸೈನ್ಯದ ಮೇಲೆ ಬಿಟ್ಟ ವಿಷವಾಯು ಇದೇ. ರಣರಂಗದ ಆಯುಧವನ್ನು ಕಿಟಕಿಯಿಲ್ಲದ ಬಚ್ಚಲಲ್ಲಿ ನಾವೇ ತಯಾರಿಸಿಕೊಳ್ಳಬೇಕೆ? ಬ್ಲೀಚನ್ನು ಅಮೋನಿಯ ಸೇರಿದ ದ್ರವಗಳೊಡನೆಯೂ ಕೂಡಿಸಕೂಡದು. ಅಲ್ಲಿಯೂ ವಿಷವಾಯು ಹುಟ್ಟುವುದು. ಹೀಗೇನಾದರೂ ಆಗಿ ಕಣ್ಣು ಉರಿದು ಕೆಮ್ಮು ಬಂದರೆ, ಎಲ್ಲವನ್ನೂ ಹಾಗೆಯೇ ಬಿಟ್ಟು ಹೊರಗಿನ ಗಾಳಿಗೆ ಬಂದು, ತಡವಿಲ್ಲದೆ ವೈದ್ಯರನ್ನು ಕಾಣಬೇಕು. ಸಮುದ್ರಮಥನದಲ್ಲಿ ಅಮೃತ ಹುಟ್ಟಿದ ಕಡಲಿನಲ್ಲೇ ಹಾಲಾಹಲವೂ ಹುಟ್ಟಿತಷ್ಟೆ. ಸುಧೆಯ ಕಥೆಯೂ ಹಾಗೆಯೇ.

ಹಳೆಯ ಬಾಗಿಲು ಕಿಟಕಿಗಳ ಎಣ್ಣೆಬಣ್ಣದ ವಿಷಯದಲ್ಲಿಯೂ ಒಂದು ಮಾತು. ನಮ್ಮ ದೇಶದಲ್ಲಿ ಮನೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಕೂಡದೆಂದು 2016ರಲ್ಲಿ ನಿಯಮವಾಗಿ, 2017ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಅದಕ್ಕೆ ಹಿಂದಿನ ಬಣ್ಣದಲ್ಲಿ ಹೆಚ್ಚು ಸೀಸವಿದ್ದಿರಬಹುದು. ಆ ಧೂಳು ಎಳೆಯ ಮಕ್ಕಳ ಬುದ್ಧಿಶಕ್ತಿಯನ್ನು ಕುಂದಿಸುವಂಥದು. ಆದುದರಿಂದ ಅದನ್ನು ಒಣಗಿದ್ದಂತೆಯೇ ಉಜ್ಜಿ ಹಾರಿಸದೆ, ಒದ್ದೆಮಾಡಿ ಮೃದುವಾಗಿ ಕೆರೆದು, ಪುಡಿಯನ್ನು ಒದ್ದೆಬಟ್ಟೆಯಿಂದ ಒರೆಸಿ ತೆಗೆಯಬೇಕು. ಮಕ್ಕಳೂ ಗರ್ಭಿಣಿಯರೂ ಆ ದಿನ ಆ ಕೋಣೆಯಿಂದ ದೂರವಿರಲಿ.

ಕೊನೆಯದಾಗಿ ಯಜಮಾನರಲ್ಲಿ ಒಂದು ವಿಜ್ಞಾಪನೆ. ಸ್ವಂತ ಕೈಯಿಂದ ಮಾಡಿದರೆ ಖರ್ಚು ಉಳಿಯುವುದೆಂಬುದು ನಿಜ. ಆದರೆ ಆ ಕೈ ಯಾರದು? ಹಬ್ಬದ ಹಿಂದಿನ ವಾರವೆಲ್ಲ ಮನೆಯಾಕೆಯ ಎರಡು ಕೈಗಳೇ ಗೋಡೆಗೂ ನೆಲಕ್ಕೂ ಪಾತ್ರೆಗೂ ಒಲೆಗೂ ದುಡಿದರೆ, ಉಳಿತಾಯವೆಂದು ನಾವು ಕರೆಯುವುದು ಆಕೆಯ ಬೆನ್ನುನೋವಿನ ಇನ್ನೊಂದು ಹೆಸರಾಗುವುದು. ಸುಣ್ಣದ ಕುಂಚವನ್ನು ಗಂಡಸರು ಹಿಡಿಯಲಿ. ಅಟ್ಟದ ಧೂಳನ್ನು ದೊಡ್ಡ ಹುಡುಗರು ಝಾಡಿಸಲಿ. ಚಿಕ್ಕವರು ಪುಸ್ತಕಗಳನ್ನು ಒರೆಸಿ ಜೋಡಿಸಲಿ. ಈ ಪತ್ರಿಕೆಯನ್ನೇ ನೆಪಮಾಡಿಕೊಂಡು ಜಗಲಿಯಲ್ಲಿ ಕುಳಿತಿರುವವರು ಯಾರಾದರೂ ಇದ್ದರೆ, ಲೇಖನವು ಇಲ್ಲಿಗೆ ಮುಗಿಯಿತೆಂದು ಅವರಿಗೆ ತಿಳಿಸಿ, ಕುಂಚದ ಕಡೆಗೆ ಕೈಮಾಡುತ್ತೇವೆ.