ಮೊದಲಿಂದು ಫೇಲ್ ಆತೇನ್ರಿ?

ತೂಕ ಇಳಿಸಲು ಎರಡನೇ ಸಲ ಆಪರೇಷನ್ ಮಾಡಿಸಿಕೊಂಡವರಿಗೆ ನಮ್ಮ ಕಡೆ ಕೇಳೋ ಪ್ರಶ್ನೆ ಒಂದೇ: "ಮೊದಲಿಂದು ಫೇಲ್ ಆತೇನ್ರಿ?" ಹೃದಯಕ್ಕೆ ಎರಡನೇ ಸ್ಟೆಂಟ್ ಹಾಕಿಸಿಕೊಂಡವರನ್ನು ಯಾರೂ ಹೀಗೆ ಕೇಳೋದಿಲ್ಲ. "ಪಾಪ, ಆರಾಮ ಆಗಲಿ" ಅಂತಾರೆ. ತೂಕದ ಮಾತು ಬಂದಾಗ ಮಾತ್ರ ಫೇಲ್ ಆಗಿದ್ದು ಆಪರೇಷನ್ನೋ, ಮಾಡಿಸಿಕೊಂಡವಳೋ ಅನ್ನೋ ಅನುಮಾನ ಆ ಪ್ರಶ್ನೆಯ ಬೆನ್ನಿಗೇ ಇರುತ್ತದೆ.

ಬಾದಾಮಿಯ ಓದುಗರೊಬ್ಬರು ಮೆಸೇಜ್ ಕಳಿಸಿದ್ದಾರೆ. ಐದು ವರ್ಷದ ಹಿಂದೆ ಸ್ಲೀವ್ ಮಾಡಿಸಿಕೊಂಡವರು. ಈಗ ವಿಪರೀತ ಎದೆಯುರಿ, ಹೋದ ತೂಕದಲ್ಲಿ ಒಂದಷ್ಟು ವಾಪಸ್ ಬಂದಿದೆ, ಡಾಕ್ಟರು ಬೈಪಾಸ್‌ಗೆ ಬದಲಿಸೋಣ ಅಂದಿದ್ದಾರೆ. "ಮನೆಯಲ್ಲಿ ಅತ್ತೆಗೆ ಹೇಗೆ ಹೇಳಲಿ ಅಕ್ಕಾ?" ಅಂತ ಕೇಳಿದ್ದಾರೆ. ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆ ಹತ್ತಿದ್ದರೂ ಮೊದಲು ಬಂದದ್ದು ಅತ್ತೆಯ ಪ್ರಶ್ನೆ. ನನಗೇನೂ ಆಶ್ಚರ್ಯ ಆಗಲಿಲ್ಲ. ನಾನು ಇಳಕಲ್ಲಿನ ಮಗಳು, ಬಾಗಲಕೋಟೆ ನವನಗರದ ಸೊಸೆ, ಹುನಗುಂದದ ಬ್ಯಾಂಕೊಂದರಲ್ಲಿ ಕೆಲಸ. 2018ರಲ್ಲಿ ಸ್ಲೀವ್, 2024ರಲ್ಲಿ ಬೈಪಾಸ್. ಎರಡೂ ಸಲ ಈ ಎಲ್ಲ ಊರುಗಳ ಮಂದಿಗೆ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ.

ಗೊತ್ತಿಲ್ಲದವರಿಗೆ ಒಂದು ಮಾತು. ಸ್ಲೀವ್ ಅಂದರೆ ಹೊಟ್ಟೆಯ ಚೀಲದ ಸುಮಾರು ಮುಕ್ಕಾಲು ಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಹಣ್ಣಿನಂಥ ಸಣ್ಣ ಕೊಳವೆ ಮಾಡೋದು. ತೆಗೆದದ್ದನ್ನು ಮತ್ತೆ ಕೂಡಿಸಲಾಗದು. ಊಟ ಕಡಿಮೆ ಹಿಡಿಯುತ್ತದೆ ಅನ್ನೋದು ಒಂದಾದರೆ, ಹಸಿವೆಯ ಸೂಚನೆ ಕೊಡುವ ಗ್ರೆಲಿನ್ ಅನ್ನೋ ಹಾರ್ಮೋನು ಹೆಚ್ಚಾಗಿ ತಯಾರಾಗುವ ಜಾಗವೂ ಆ ಕತ್ತರಿಸಿದ ಭಾಗದಲ್ಲೇ ಇರೋದು ಇನ್ನೊಂದು. ಹಾಗಾಗಿ ಮೊದಮೊದಲು ಹಸಿವೆಯೇ ಆಗೋದಿಲ್ಲ. 112 ಕಿಲೋ ಇದ್ದವಳು ಒಂದೂವರೆ ವರ್ಷದಲ್ಲಿ 71ಕ್ಕೆ ಬಂದೆ. ಶುಗರ್ ಗುಳಿಗೆ ನಿಂತಿತು. ನವನಗರದ ಮನೆಯ ಮೆಟ್ಟಿಲು ಒಂದೇ ಉಸಿರಿಗೆ ಹತ್ತಿದೆ. ಅಂಥ ಆಪರೇಷನ್ನನ್ನು ಫೇಲ್ ಅಂತ ಹೇಗೆ ಅನ್ನಲಿ?

ಈ ಸ್ಲೀವ್ ಹುಟ್ಟಿದ್ದೇ ಅರ್ಧ ಆಪರೇಷನ್ ಆಗಿ ಅನ್ನೋದು ನನಗೆ ಗೊತ್ತಾದದ್ದು ತಡವಾಗಿ. 'ಡ್ಯುಯೋಡೆನಲ್ ಸ್ವಿಚ್' ಅಂತ ಒಂದು ದೊಡ್ಡ ಶಸ್ತ್ರಚಿಕಿತ್ಸೆ ಇದೆ. ಹೊಟ್ಟೆಯನ್ನೂ ಸಣ್ಣದು ಮಾಡಿ, ಕರುಳಿನ ದಾರಿಯನ್ನೂ ಬದಲಿಸುವಂಥದ್ದು. ತೀರಾ ಹೆಚ್ಚು ತೂಕದವರ ದೇಹ ಅಷ್ಟನ್ನು ಒಂದೇ ಸಲ ತಡೆಯೋದು ಕಷ್ಟ ಅಂತ, 2000ದ ಆಸುಪಾಸಿನಲ್ಲಿ ನ್ಯೂಯಾರ್ಕಿನ ಡಾಕ್ಟರ್ ಮಿಷೆಲ್ ಗ್ಯಾನಿಯೆ ಮತ್ತು ಸಂಗಡಿಗರು ಅದನ್ನು ಎರಡು ಕಂತು ಮಾಡಿದರು. ಮೊದಲ ಕಂತಿನಲ್ಲಿ ಹೊಟ್ಟೆ, ತೂಕ ಇಳಿದ ಮೇಲೆ ಎರಡನೇ ಕಂತಿನಲ್ಲಿ ಕರುಳು. ಮೊದಲ ಕಂತಿಗೇ ಹಲವರ ತೂಕ ಸಾಕಷ್ಟು ಇಳಿಯಿತು, ಎರಡನೇದು ಬೇಕಾಗಲಿಲ್ಲ. ಹೀಗೆ ಮೊದಲ ಕಂತೇ ಸ್ವತಂತ್ರ ಆಪರೇಷನ್ ಆಗಿ ಜಗತ್ತೆಲ್ಲ ಹಬ್ಬಿತು. ಅಂದಮೇಲೆ ಕೆಲವರಿಗೆ ಎರಡನೇ ಕಂತು ಬೇಕಾಯಿತು ಅಂದರೆ ಅದರಲ್ಲಿ ನಾಚಿಕೊಳ್ಳುವಂಥದ್ದು ಏನಿದೆ? ಆಪರೇಷನ್ನಿಗೆ ಮುಂಚೆಯೇ ಇದನ್ನು ಎಲ್ಲರಿಗೂ ಹೇಳಬೇಕು ಅನ್ನೋದು ನನ್ನ ಅಭಿಪ್ರಾಯ.

ನನಗೆ ಎರಡನೇದು ಬೇಕಾದದ್ದು ಎದೆಯುರಿಯಿಂದ. ಅಗಲದ ಚೀಲ ಹೋಗಿ ಸಣ್ಣ ಕೊಳವೆ ಆದಾಗ ಒಳಗಿನ ಒತ್ತಡ ಹೆಚ್ಚುತ್ತದೆ. ಮೇಲಿನ ಬಾಗಿಲು ಸಡಿಲಿದ್ದರೆ ಆಸಿಡ್ಡು ಅನ್ನನಾಳಕ್ಕೆ ಏರುತ್ತದೆ. ಮೂರು ದಿಂಬು ಇಟ್ಟು ಕೂತಂತೆ ಮಲಗೋದು, ನಡುರಾತ್ರಿ ಗಂಟಲಿಗೆ ಹುಳಿ ನೀರು ಬಂದು ಕೆಮ್ಮುತ್ತಾ ಏಳೋದು, ಬೆಳಿಗ್ಗೆ ದನಿ ಬಿದ್ದಿರೋದು. ಕೌಂಟರಿನಲ್ಲಿ ಕೂತು ಗ್ರಾಹಕರ ಜೊತೆ ಮಾತಾಡಬೇಕಾದವಳಿಗೆ ದನಿ ಇಲ್ಲ! ಗುಳಿಗೆಯ ಡೋಸ್ ಏರುತ್ತಾ ಹೋಯಿತು. ಇದನ್ನು 'ಆಸಿಡಿಟಿ, ಎಲ್ಲರಿಗೂ ಇರತೈತಿ' ಅಂತ ಬಿಡುವಂತಿಲ್ಲ. ವರ್ಷಗಟ್ಟಲೆ ಆಸಿಡ್ಡು ತಾಗಿದರೆ ಅನ್ನನಾಳದ ಒಳಪದರವೇ ಬದಲಾಗುತ್ತದೆ, ಕೆಲವರಲ್ಲಿ ಮುಂದೆ ಕ್ಯಾನ್ಸರಿಗೂ ದಾರಿ ಆಗಬಹುದು. ಅದಕ್ಕೇ ಸ್ಲೀವ್ ಆದವರು ಉರಿ ಇಲ್ಲದಿದ್ದರೂ ಡಾಕ್ಟರು ಹೇಳಿದ ಕಾಲಕ್ಕೆ ಎಂಡೋಸ್ಕೋಪಿ ಮಾಡಿಸಬೇಕು.

ಬಾದಾಮಿಯ ತಂಗಿಗೆ ನಾನು ಮೊದಲು ಕೇಳಿದ್ದು: "ಡಾಕ್ಟರು ಬದಲಿಸೋಣ ಅಂದದ್ದು ಉರಿಗೋ, ತೂಕಕ್ಕೋ?" ಎರಡೂ ಬೇರೆ ಕಥೆ. ಉರಿಗಾದರೆ ಎಂಡೋಸ್ಕೋಪಿ, ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇ, ಬೇಕಾದರೆ ಆಸಿಡ್ ಎಷ್ಟು ಮೇಲೇರುತ್ತಿದೆ ಅಂತ ಇಡೀ ದಿನ ಅಳೆಯುವ ಪರೀಕ್ಷೆ ಆಗಬೇಕು. ಕೊಳವೆ ಎಲ್ಲಾದರೂ ತಿರುಚಿದೆಯಾ, ಇಕ್ಕಟ್ಟಾಗಿದೆಯಾ, ಎದೆಯ ಕಡೆ ಜಾರಿದೆಯಾ ಅನ್ನೋದು ಅದರಲ್ಲಿ ಕಾಣುತ್ತದೆ. ಬರೀ ತೂಕಕ್ಕಾದರೆ ತಟ್ಟೆಯನ್ನೂ ನೋಡಬೇಕು, ಥೈರಾಯ್ಡ್, ನಿದ್ದೆ, ಮನಸ್ಸಿನ ಬೇಗುದಿ ಇವನ್ನೂ ನೋಡಬೇಕು. ಸ್ಲೀವ್ ಆದವರಿಗೆ ರೊಟ್ಟಿ, ಕಾಳು ಬೇಗ ಹೊಟ್ಟೆ ತುಂಬಿಸುತ್ತವೆ. ಚುರುಮುರಿ, ಚೂಡಾ, ಚಹಾದಲ್ಲಿ ಅದ್ದಿದ ಖಾರಿ ಮಾತ್ರ ಎಷ್ಟು ತಿಂದರೂ ಜಾರಿ ಹೋಗುತ್ತವೆ. ದಿನಕ್ಕೆ ಆರು ಸಲ ಸಕ್ಕರೆ ಹಾಕಿದ ಚಹಾ ಬರುವ ನಮ್ಮ ಆಫೀಸುಗಳಲ್ಲಿ ತೂಕ ವಾಪಸ್ ಬರೋಕೆ ಹೆಚ್ಚೇನೂ ಬೇಕಿಲ್ಲ.

ಈಗ ಇಂಜೆಕ್ಷನ್ನುಗಳೂ ಬಂದಿವೆ. 2025ರಲ್ಲಿ ಮೌಂಜಾರೋ, ವೆಗೋವಿ ಎರಡೂ ನಮ್ಮ ದೇಶದಲ್ಲಿ ಬಿಡುಗಡೆಯಾದವು. ವಾಪಸ್ ಬಂದ ತೂಕಕ್ಕೆ ಎರಡನೇ ಆಪರೇಷನ್ನಿಗಿಂತ ಮೊದಲು ಇವನ್ನು ಪ್ರಯತ್ನಿಸುವ ಡಾಕ್ಟರುಗಳಿದ್ದಾರೆ. ಆದರೆ ಇವು ಹೊಟ್ಟೆ ಖಾಲಿಯಾಗೋದನ್ನು ನಿಧಾನ ಮಾಡುತ್ತವೆ, ಉರಿ ಇದ್ದವರಿಗೆ ಅದು ಇನ್ನಷ್ಟು ಹೆಚ್ಚಬಹುದು. ಹಾಗಾಗಿ ಕಾರಣ ಯಾವುದು ಅನ್ನೋದು ಮೊದಲು ಇತ್ಯರ್ಥ ಆಗಬೇಕು.

ಬೈಪಾಸ್‌ನಲ್ಲಿ ಆ ಕೊಳವೆಯ ಮೇಲಿನ ತುದಿಯನ್ನು ಪುಟ್ಟ ಚೀಲವಾಗಿ ಬೇರ್ಪಡಿಸಿ, ಸಣ್ಣ ಕರುಳನ್ನು ಮೇಲೆತ್ತಿ ಅದಕ್ಕೆ ಜೋಡಿಸುತ್ತಾರೆ. ಊಟ ಆ ಹೊಸ ದಾರಿಯಲ್ಲಿ ಹೋಗುತ್ತದೆ. ಉಳಿದ ಹೊಟ್ಟೆ ಒಳಗೇ ಇದ್ದು, ಅದರ ರಸ, ಪಿತ್ತ ಕೆಳಗೆಲ್ಲೋ ಬಂದು ಸೇರುತ್ತವೆ. ಒಂದೇ ಜೋಡಣೆಯ 'ಮಿನಿ ಬೈಪಾಸ್' ಕೂಡ ಇದೆ. ಅದರಲ್ಲಿ ಪಿತ್ತ ಮೇಲಕ್ಕೆ ಬರುವ ಸಾಧ್ಯತೆ ಇರೋದರಿಂದ ಉರಿ ಜೋರಿದ್ದವರಿಗೆ ಸಾಮಾನ್ಯವಾಗಿ ಎರಡು ಜೋಡಣೆಯ 'ರೂ-ಎನ್-ವೈ' ಮಾಡುತ್ತಾರೆ. ಒಮ್ಮೆ ಕತ್ತರಿಸಿದ ಜಾಗವನ್ನೇ ಮತ್ತೆ ಕತ್ತರಿಸಿ ಹೊಲಿಯೋದು, ಹಾಗಾಗಿ ಸೋರಿಕೆ, ರಕ್ತಸ್ರಾವದ ಅಪಾಯ ಮೊದಲ ಸಲಕ್ಕಿಂತ ಹೆಚ್ಚು. ತೂಕ ಇಳಿಯೋದು ಮೊದಲ ಸಲದಷ್ಟು ಇರೋದಿಲ್ಲ. ಇದನ್ನು ಬಾಯಿಬಿಟ್ಟು ಹೇಳದ ಡಾಕ್ಟರ ಹತ್ತಿರ ಇನ್ನೊಂದು ಅಭಿಪ್ರಾಯ ಕೇಳದೆ ಸಹಿ ಹಾಕಬೇಡಿ.

ಈಗ ಅತ್ತೆಯ ಪ್ರಶ್ನೆಗೆ ಬರೋಣ. ನಮ್ಮತ್ತಿ ಕೇಳಿದ್ದು ಸರಿಯಾಗೇ ಇತ್ತು. "ಅಲ್ಲವ್ವಾ, ಅರ್ಧಾ ಹೊಟ್ಟಿ ಮೊದ್ಲ ಹೋಗೇತಿ, ಇನ್ನ ಏನ ತಗೀತಾರ?" ಅಂದರು. "ತಗ್ಯಾಂಗಿಲ್ರಿ ಅತ್ತಿ, ದಾರಿ ಬದಲಿ ಮಾಡ್ತಾರ" ಅಂದೆ. ಅವರಿಗೆ ಪೂರ್ತಿ ತಿಳಿಯಲಿಲ್ಲ. ತಿಳಿದದ್ದು ನಮ್ಮ ಅಪ್ಪಗೆ. ಇಳಕಲ್ ಸೀರೆ ನೇಯ್ದು ಬೆನ್ನು ಬಾಗಿದವರು. ಇಳಕಲ್ ಸೀರೆಯಲ್ಲಿ ಮೈಗೆ ಬೇರೆ ಹಾಸು, ಸೆರಗಿಗೆ ಬೇರೆ ಹಾಸು, ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. "ಹಂಗss ಅಪ್ಪಾ" ಅಂದದ್ದಕ್ಕೆ ಅವರು ಬೇರೇನೂ ಕೇಳಲಿಲ್ಲ. "ಕೊಂಡಿ ಗಟ್ಟಿ ಕುಂದ್ರತೈತೇನವಾ?" ಅಂದರು. ಸರ್ಜನ್ನರಿಗೂ ಅದೇ ಚಿಂತೆ ಇರುತ್ತದೆ. ಮುಂದೆ ಮನೆಯಲ್ಲಿ ಯಾರು ಕೇಳಿದರೂ ಉತ್ತರ ಕೊಟ್ಟದ್ದು ಅಪ್ಪನೇ.

ಮನೆಯವರಿಗೆ ಹೇಳದೆ ಮಾಡಿಸಿಕೊಳ್ಳಬೇಡಿ ಅನ್ನೋದು ನನ್ನ ಮಾತು. ಕಾರಣ ಸಂಪ್ರದಾಯ ಅಲ್ಲ, ಅಡುಗೆಮನೆ. ನೀವು ಎರಡು ತಿಂಗಳು ಏನು ತಿನ್ನುತ್ತೀರಿ, ಎಷ್ಟು ತಿನ್ನುತ್ತೀರಿ ಅನ್ನೋದು ಒಲೆ ಮುಂದೆ ಇರುವವರಿಗೆ ಗೊತ್ತಿರಲೇಬೇಕು. ಊರವರಿಗೆಲ್ಲ ಹೇಳುವ ಋಣ ಮಾತ್ರ ನಿಮಗಿಲ್ಲ.

ಒಂದು ತಮಾಷೆ ನೋಡಿ. ನಿತಿನ್ ಗಡ್ಕರಿ 2011ರಲ್ಲಿ, ಅರುಣ್ ಜೇಟ್ಲಿ 2014ರಲ್ಲಿ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡಾಗ ಅದು ಶುಗರ್, ಆರೋಗ್ಯದ ವಿಷಯ ಆಗಿತ್ತು. ನಮ್ಮಂಥ ಹೆಂಗಸರು ಮಾಡಿಸಿಕೊಂಡರೆ 'ಚಂದ ಕಾಣಾಕ'. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಸರ್ಜರಿಯ ನಂತರ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡ ಸುದ್ದಿ ಬಂದಾಗ ನಮ್ಮ ವೈನಿ ಹೆದರಿ ಫೋನ್ ಮಾಡಿದ್ದರು. ಚರ್ಮದ ಕೆಳಗಿನ ಕೊಬ್ಬು ತೆಗೆಯೋದು ಬೇರೆ, ಹೊಟ್ಟೆ-ಕರುಳಿನ ಈ ಆಪರೇಷನ್ ಬೇರೆ. ಇಪ್ಪತ್ತೊಂದರ ಆ ಹುಡುಗಿಯ ಸಾವು ನೆನೆದರೆ ಈಗಲೂ ಸಂಕಟ ಆಗುತ್ತದೆ.

ಬೈಪಾಸ್ ಆದ ಮೇಲಿನ ಬದುಕು ಸ್ಲೀವ್‌ನಂತಲ್ಲ. ಉರಿ ಹೋಯಿತು, ಒಂದೇ ದಿಂಬಿಗೆ ಮಲಗುತ್ತೇನೆ. ಹೊಸದಾಗಿ ಬಂದದ್ದು 'ಡಂಪಿಂಗ್'. ಬಾಗಲಕೋಟೆಯಿಂದ ಹುನಗುಂದಕ್ಕೆ ಹೋಗುವ ನನ್ನ ಬಸ್ಸು ದಿನಾ ಅಮೀನಗಡದ ಮೇಲೆ ಹೋಗುತ್ತದೆ. ಅಮೀನಗಡ ಅಂದರೆ ಕರದಂಟು. ಸಹೋದ್ಯೋಗಿ ಪ್ರಮೋಷನ್ ಖುಷಿಗೆ ಒಂದು ತುಂಡು ಕೈಗಿಟ್ಟರು. ಬೆಲ್ಲ, ಅಂಟು, ಉತ್ತುತ್ತಿ, ಎಲ್ಲ ಸತ್ವದ್ದೇ. ತಿಂದು ಇಪ್ಪತ್ತು ನಿಮಿಷಕ್ಕೆ ಎದೆ ಡವಡವ, ಮೈಯೆಲ್ಲ ಬೆವರು, ಹೊಟ್ಟೆ ಹಿಂಡಿದಂತೆ. ಸಿಹಿ ನೇರವಾಗಿ ಸಣ್ಣ ಕರುಳಿಗೆ ಬಿದ್ದಾಗ ಕರುಳು ನೀರೆಳೆದುಕೊಂಡು ಹೀಗಾಗುತ್ತದೆ. ಕೆಲವರಿಗೆ ಒಂದರಿಂದ ಮೂರು ಗಂಟೆ ಬಿಟ್ಟು ಶುಗರ್ ಇಳಿದು ಕೈ ನಡುಗುತ್ತದೆ. ಈಗ ಕಡಲೆಬೇಳೆ ಗಾತ್ರದಷ್ಟು ಮುರಿದು ಊಟದ ಕೊನೆಗೆ ಬಾಯಿಗೆ ಹಾಕಿಕೊಳ್ಳುತ್ತೇನೆ, ರುಚಿಗೆ ಅಷ್ಟು ಸಾಕು.

ನಮ್ಮ ಊಟ ಈ ಬದುಕಿಗೆ ಒಗ್ಗೋದಿಲ್ಲ ಅಂತ ಯಾರಾದರೂ ಅಂದರೆ ನಂಬಬೇಡಿ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು ಅಂತಾರೆ. ಮಡಕಿ ಕಾಳಿನ ಪಲ್ಯ, ಝುಣಕ, ಗಟ್ಟಿ ಮೊಸರು, ಪನೀರು, ತಿನ್ನುವವರಿಗೆ ತತ್ತಿ. ಇವನ್ನು ಮೊದಲು ತಿಂದು, ರೊಟ್ಟಿ ಆಮೇಲೆ. ಅದೂ ಬಿಸಿ ರೊಟ್ಟಿಯ ಕಾಲು ಭಾಗ, ಚೆನ್ನಾಗಿ ಅಗಿದು. ಊಟದ ಜೊತೆ ನೀರಿಲ್ಲ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ. ಕಷ್ಟ ಆಗೋದು ಅಳತೆಯಿಂದಲ್ಲ, ಬಡಿಸುವವರ ಪ್ರೀತಿಯಿಂದ. ಬನದ ಹುಣ್ಣಿಮೆಗೆ ಬನಶಂಕರಿಗೆ ಹೋದಾಗ ಗುಡಿ ಮುಂದೆ ಬುಟ್ಟಿ ಇಟ್ಟುಕೊಂಡು ರೊಟ್ಟಿ ಮಾರುವ ಅಕ್ಕ ನನ್ನ ತಟ್ಟೆ ನೋಡಿ, "ಯಾಕವಾ, ಪಲ್ಯೆ ಸೇರಲಿಲ್ಲೇನು?" ಅಂತ ಬೇಜಾರು ಮಾಡಿಕೊಂಡರು. ನೂರೆಂಟು ಪಲ್ಯದ ದೇವಿಯ ಮುಂದೆ ಅರ್ಧ ರೊಟ್ಟಿ ಬಿಟ್ಟೇಳೋದು ಸಣ್ಣ ಮಾತಲ್ಲ. ಅದಕ್ಕೆ ಈಗ ಯಜಮಾನರ ತಟ್ಟೆಯಲ್ಲೇ ಉಣ್ಣುತ್ತೇನೆ. ಮಂದಿ 'ಎಷ್ಟ ಪ್ರೀತಿ' ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ.

ರೊಕ್ಕದ ಮಾತು. ವಿಮಾ ನಿಯಂತ್ರಕ ಐಆರ್‌ಡಿಎಐ 2019ರಲ್ಲಿ ತಂದ ನಿಯಮದ ಪ್ರಕಾರ ಬೊಜ್ಜಿನ ಆಪರೇಷನ್ನಿಗೆ ಹಣ ಸಿಗಬೇಕಾದರೆ ವಯಸ್ಸು 18 ದಾಟಿರಬೇಕು, ಡಾಕ್ಟರ ಸಲಹೆ ಇರಬೇಕು. ಬಿಎಂಐ 40 ಅಥವಾ ಹೆಚ್ಚಿರಬೇಕು. ಇಲ್ಲವೇ 35 ಇದ್ದು, ಬೇರೆ ಉಪಾಯ ಫಲಿಸದೆ, ಹತೋಟಿಗೆ ಬಾರದ ಶುಗರ್, ಹೃದಯದ ತೊಂದರೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೀವ್ರ ಕಾಯಿಲೆಯಂಥದ್ದು ಇರಬೇಕು. ಎರಡನೇ ಸಲಕ್ಕೆ ಹೋಗುವ ಹೊತ್ತಿಗೆ ಬಿಎಂಐ ಅಷ್ಟಿರೋದಿಲ್ಲ, ತೊಡಕು ಅಲ್ಲೇ. ಉರಿಗಾಗಿ ಮಾಡುತ್ತಿದ್ದರೆ ಎಂಡೋಸ್ಕೋಪಿ ವರದಿ, ಗುಳಿಗೆ ತಿಂದ ದಾಖಲೆ ಎಲ್ಲ ಜೋಡಿಸಿ ಅಡ್ಮಿಟ್ ಆಗೋ ಮೊದಲೇ ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ನನ್ನ ಕ್ಲೇಮನ್ನು ಕಂಪನಿ ಮೊದಲ ಸಲ ತಳ್ಳಿಹಾಕಿತು, ಎರಡನೇ ಸಲ ವರದಿ ಲಗತ್ತಿಸಿ ಬರೆದ ಮೇಲೆ ಅರ್ಧ ಕೊಟ್ಟಿತು.

ಗುಳಿಗೆ ಜೀವನಪೂರ್ತಿ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ. ಊಟ ಹೋಗದ ಕರುಳಿನ ಭಾಗದಲ್ಲೇ ಇವು ಹೆಚ್ಚು ಹೀರಿಕೆ ಆಗುತ್ತಿದ್ದದ್ದು ಅಥವಾ ಇವಕ್ಕೆ ಬೇಕಾದ ಆಸಿಡ್ಡು ಈಗ ಸಾಲದು. ಶಾಕಾಹಾರಿಗಳು ಬಿ12 ತಪ್ಪಿಸಿದರೆ ಕೈಕಾಲು ಜೋಮು ಹಿಡಿಯುವವರೆಗೂ ಹೋಗಬಹುದು. ಮೂರು ದಿನ ಬಿಡದೆ ವಾಂತಿ ಆದರೆ ಮನೆಮದ್ದು ಮಾಡುತ್ತಾ ಕೂಡಬೇಡಿ, ಬಿ1 ಕೊರತೆ ನರಗಳಿಗೆ ಹೊಡೆಯುತ್ತದೆ. ಎಲೆ-ಅಡಿಕೆಯ ಜೊತೆ ತಂಬಾಕು ಹಾಕುವವರು ಬಿಡಲೇಬೇಕು, ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ.

ಮದುವೆ ನಿಶ್ಚಯ ಆದವರೂ, ಮಗುವಿನ ಯೋಚನೆ ಇದ್ದವರೂ ಮೆಸೇಜ್ ಮಾಡುತ್ತಿರುತ್ತೀರಿ. ಆಪರೇಷನ್ ಆಗಿ ಒಂದರಿಂದ ಒಂದೂವರೆ ವರ್ಷ ಗರ್ಭ ಬೇಡ ಅನ್ನೋದು ಸಾಮಾನ್ಯ ಸಲಹೆ. ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ, ಬೈಪಾಸ್ ಆದವರಿಗೆ ಗರ್ಭನಿರೋಧಕ ಗುಳಿಗೆ ಸರಿಯಾಗಿ ಹೀರಿಕೆ ಆಗದೆ ಹೋಗಬಹುದು. ಬೇರೆ ವಿಧಾನ ಯಾವುದು ಅಂತ ಸ್ತ್ರೀರೋಗ ತಜ್ಞರನ್ನು ಮೊದಲೇ ಕೇಳಿ. ಮನೆಯಲ್ಲಿ 'ಇನ್ನೂ ಸುದ್ದಿ ಇಲ್ಲೇನು' ಅನ್ನುವವರಿಗೂ ಇದನ್ನು ಹೇಳಿಬಿಡಿ.

ನಮ್ಮ ಊರುಗಳಿಗೆ ಇನ್ನೊಂದು ತೊಂದರೆ ಇದೆ, ದೂರ. ಆಪರೇಷನ್ ಮಾಡಿದವರು ಬೆಂಗಳೂರಿನಲ್ಲಿ, ಜ್ವರ ಬಂದದ್ದು ಹುನಗುಂದದಲ್ಲಿ. ಸೊಂಟ ನೋವು ಅಂದರೆ ಮೆಡಿಕಲ್ ಶಾಪಿನವರು ಡೈಕ್ಲೋಫೆನಾಕ್ ಇರುವ ಗುಳಿಗೆ ಕೊಟ್ಟುಬಿಡುತ್ತಾರೆ. ಬೈಪಾಸ್ ಆದವರಿಗೆ ಅದೂ, ಐಬುಪ್ರೊಫೇನೂ ಹುಣ್ಣು ತರುವ ಗುಳಿಗೆಗಳು. ಪ್ಯಾರಾಸಿಟಮಾಲ್ ನಡೆಯುತ್ತದೆ. ನಾನು ಒಂದು ಚೀಟಿಯಲ್ಲಿ ಆಪರೇಷನ್ ಹೆಸರು, ದಿನಾಂಕ, ಕೊಡಬಾರದ ಔಷಧಿ, ಸರ್ಜನ್ನರ ನಂಬರ್ ಬರೆದು ಲ್ಯಾಮಿನೇಟ್ ಮಾಡಿಸಿ ಪರ್ಸಿನಲ್ಲಿ ಇಟ್ಟಿದ್ದೇನೆ. ಇನ್ನೊಂದು ಪ್ರತಿ ಯಜಮಾನರ ಮೊಬೈಲಿನಲ್ಲಿ, ಮತ್ತೊಂದು ಅತ್ತಿಯ ದೇವರ ಕೋಣೆಯಲ್ಲಿ, ಕುಂಕುಮದ ಡಬ್ಬಿಯ ಕೆಳಗೆ.