ಬೀಗ ಅವರದು, ತಪ್ಪು ನಮ್ಮದೇ?

ಬ್ಯಾಂಕಿನ ಖಾತೆಯಿಂದ ಹಣ ಕಳೆದುಕೊಂಡವನಿಗೆ ಇಂದು ಎರಡು ನಷ್ಟ. ಹಣ ಹೋಗುವುದು ಒಂದು. ಮರ್ಯಾದೆ ಹೋಗುವುದು ಇನ್ನೊಂದು. ಶಾಖೆಗೆ ಓಡಿ ಹೋದರೆ ಅವನನ್ನು ಎದುರುಗೊಳ್ಳುವ ಮೊದಲ ಮಾತು, "ಓಟಿಪಿ ಯಾರಿಗೆ ಹೇಳಿದಿರಿ?" ಕಳ್ಳ ಯಾರು, ಬಾಗಿಲು ಹೇಗೆ ತೆರೆಯಿತು ಎಂಬ ವಿಚಾರಣೆ ಆಮೇಲಿನದು, ತೀರ್ಪು ಮಾತ್ರ ಮೊದಲೇ ಸಿದ್ಧ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಈ ಪದ್ಧತಿಯನ್ನು ನಾವು ತಲೆತಗ್ಗಿಸಿ ಒಪ್ಪಿಕೊಳ್ಳಬಾರದು ಎಂಬುದೇ ಈ ಲೇಖನದ ಉದ್ದೇಶ.

ಬ್ಯಾಂಕೆಂದರೆ ಏನೆಂದು ಕನ್ನಡಿಗರಿಗೆ ಯಾರೂ ಕಲಿಸಬೇಕಾಗಿಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು, 1925ರಲ್ಲಿ ಉಡುಪಿಯಲ್ಲಿಯೇ ಸಿಂಡಿಕೇಟ್ ಬ್ಯಾಂಕು, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕು ಹುಟ್ಟಿದವು. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದಾಗ ಸಂಗ್ರಾಹಕನು ಮನೆಬಾಗಿಲಿಗೇ ಬಂದು ಆಣೆಗಳ ಲೆಕ್ಕದಲ್ಲಿ ಹಣ ಪಡೆಯುತ್ತಿದ್ದ. ಬಂದವನ ಮುಖ ಗ್ರಾಹಕನಿಗೆ ಗೊತ್ತಿತ್ತು, ಗ್ರಾಹಕನ ಮುಖ ಅವನಿಗೆ ಗೊತ್ತಿತ್ತು. ಗುರುತು ಎಂಬುದು ಎರಡೂ ಕಡೆಯಿಂದ ಆಗಬೇಕಾದ ಕೆಲಸ ಎನ್ನುವುದನ್ನು ಆ ಕಾಲದವರು ಯಾವ ಯಂತ್ರವೂ ಇಲ್ಲದೆ ಅರಿತಿದ್ದರು.

ಇಂದಿನ ಬ್ಯಾಂಕುಗಳು ಆ ಅರ್ಧವನ್ನೇ ಮರೆತಿವೆ. ನನ್ನ ಖಾತೆಯಿರುವ ಒಂದು ಬ್ಯಾಂಕಿನಿಂದ (ಹೆಸರು ಬೇಡ) ಕರೆ ಬಂದಿತು. "ಖಾತ್ರಿಗಾಗಿ ನಿಮ್ಮ ಹುಟ್ಟಿದ ದಿನಾಂಕ ಹೇಳಿ" ಎಂದರು. "ನೀವು ಬ್ಯಾಂಕಿನವರೇ ಎಂಬುದಕ್ಕೆ ನನಗೇನು ಖಾತ್ರಿ?" ಎಂದು ಕೇಳಿದೆ. ಆ ಕಡೆಯ ಹುಡುಗಿಗೆ ಈ ಪ್ರಶ್ನೆಯೇ ಹೊಸದು. ಒಂದು ದಿನ "ಅಪರಿಚಿತ ಲಿಂಕ್ ಒತ್ತಬೇಡಿ" ಎಂದು ಎಸ್ಸೆಮ್ಮೆಸ್. ಮರುದಿನ ಅದೇ ಬ್ಯಾಂಕಿನಿಂದ ಸಾಲದ ಜಾಹೀರಾತು, ಅದರ ಬಾಲದಲ್ಲಿ ಒಂದು ಲಿಂಕ್! ಕಳ್ಳನು ಬಳಸುವ ವೇಷವನ್ನೇ ಒಡೆಯನೂ ತೊಟ್ಟುಕೊಂಡು ಬಂದರೆ ಮನೆಯವರು ಯಾರನ್ನು ಒಳಗೆ ಬಿಡಬೇಕು?

ಇದರ ಮೇಲೆ ಬ್ಯಾಂಕುಗಳ ವಿಲೀನ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿತು. 2019ರ ಅದೇ ದಿನ ವಿಜಯಾ ಬ್ಯಾಂಕು ಬರೋಡಾದೊಳಗೆ, 2020ರ ಅದೇ ದಿನ ಸಿಂಡಿಕೇಟ್ ಕೆನರಾದೊಳಗೆ ಹೋದವು. ಕಾರ್ಪೊರೇಷನ್ ಬ್ಯಾಂಕು ಮತ್ತು ಇಲ್ಲಿಯ ಮಚಲೀಪಟ್ಟಣದಲ್ಲಿ ಹುಟ್ಟಿದ ಆಂಧ್ರ ಬ್ಯಾಂಕು ಎರಡೂ ಅಂದೇ ಯೂನಿಯನ್ ಬ್ಯಾಂಕಿನಲ್ಲಿ ಕರಗಿದವು. ಹೆಸರು, ಐಎಫ್‌ಎಸ್‌ಸಿ, ಚೆಕ್ ಪುಸ್ತಕ, ಮೊಬೈಲ್ ಆ್ಯಪ್ ಎಲ್ಲವೂ ಬದಲು. "ನಿಮ್ಮ ಬ್ಯಾಂಕು ಬದಲಾಗಿದೆ, ವಿವರ ನವೀಕರಿಸಿ" ಎಂಬ ಮಾತು ನಿಜವೂ ಆಗಿತ್ತು, ಮೋಸಗಾರನಿಗೆ ಒಳ್ಳೆಯ ನೆಪವೂ ಆಯಿತು. ಊರಿನಲ್ಲಿರುವ ನಮ್ಮ ತಾಯಿತಂದೆಯರು ನಿಜವನ್ನೂ ನೆಪವನ್ನೂ ಬೇರ್ಪಡಿಸುವುದು ಹೇಗೆ?

ಬೆರಳಚ್ಚಿನ ಕಥೆ ಇನ್ನೂ ಘೋರವಾದದ್ದು. ಆಧಾರ್ ಆಧಾರಿತ ಪಾವತಿ ಪದ್ಧತಿಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇಷ್ಟಿದ್ದರೆ ಹಣ ತೆಗೆಯಬಹುದು. ಓಟಿಪಿಯ ಪ್ರಸ್ತಾಪವೇ ಇಲ್ಲ. 2022ರಲ್ಲಿ ಸೈಬರಾಬಾದ್ ಪೊಲೀಸರು ಹಿಡಿದ ತಂಡವೊಂದು ಆಂಧ್ರದ ನೋಂದಣಿ ಇಲಾಖೆಯ ಜಾಲತಾಣದಿಂದ ಕ್ರಯಪತ್ರಗಳನ್ನು ಇಳಿಸಿಕೊಂಡು, ಅವುಗಳ ಮೇಲಿದ್ದ ಬೆರಳಚ್ಚುಗಳ ಪ್ರತಿ ತಯಾರಿಸಿ ಜನರ ಖಾತೆಗಳನ್ನು ಬರಿದು ಮಾಡಿತ್ತು. ಮರುವರ್ಷ ಅದೇ ರೋಗ ನಮ್ಮ ಮಂಗಳೂರಿನಲ್ಲಿ. ಉಪನೋಂದಣಿ ಕಚೇರಿಯಲ್ಲಿ ಹೆಬ್ಬೆರಳು ಒತ್ತಿ ಆಸ್ತಿ ನೋಂದಾಯಿಸಿದವರ ಖಾತೆಗಳಿಂದ ಹಣ ಹೋಯಿತೆಂದು 2023ರಲ್ಲಿ ಸಾಲುಸಾಲು ದೂರುಗಳು ಬಂದವು. ಆ ಸಂಬಂಧ ಪೊಲೀಸರು ಬಿಹಾರದಿಂದ ಕೆಲವರನ್ನು ಬಂಧಿಸಿ ತಂದರು. ಆ ಗ್ರಾಹಕರು ಯಾರಿಗೆ ಓಟಿಪಿ ಹೇಳಿದ್ದರು? ಯಾವ ಲಿಂಕ್ ಒತ್ತಿದ್ದರು? ಅವರು ಮಾಡಿದ ಅಪರಾಧವೆಂದರೆ ಸರ್ಕಾರ ಹೇಳಿದ ಕಡೆ ಬೆರಳಿಟ್ಟದ್ದು!

ವಿಜ್ಞಾನ ಓದಿದ ಯಾವ ಹುಡುಗನಾದರೂ ಹೇಳಿಯಾನು: ಬೆರಳಚ್ಚು ಹೆಸರಿನ ಹಾಗೆ, ಗುಟ್ಟಿನ ಹಾಗಲ್ಲ. ಮುಟ್ಟಿದಲ್ಲೆಲ್ಲ ಅದನ್ನು ಬಿಟ್ಟು ಹೋಗುತ್ತೇವೆ. ಕಳುವಾದ ಪಾಸ್‌ವರ್ಡ್ ಬದಲಿಸಬಹುದು; ಹೆಬ್ಬೆರಳನ್ನು ಬದಲಿಸಲು ಬರುವುದಿಲ್ಲ. ಆಧಾರ್ ಆ್ಯಪಿನಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಸೌಕರ್ಯವೇನೋ ಇದೆ. ಆದರೆ ಕೇಳದೆಯೇ ಬಾಗಿಲು ತೆರೆದಿಟ್ಟು, ಬೇಕಾದವರು ಬೀಗ ಹಾಕಿಕೊಳ್ಳಿ ಎನ್ನುವುದು ಯಾವ ನ್ಯಾಯ? ಇಂಥ ವ್ಯವಹಾರ ನಡೆಸುವ ಏಜೆಂಟರನ್ನು ಕಟ್ಟುನಿಟ್ಟಾಗಿ ಪರಿಶೀಲಿಸಬೇಕೆಂಬ ರಿಸರ್ವ್ ಬ್ಯಾಂಕಿನ ಆದೇಶ ಬಂದದ್ದು 2025ರ ಜೂನ್‌ನಲ್ಲಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯ ಅರ್ಥ, ಕೊಂಡಪಲ್ಲಿಯ ಪಾಳು ಕೋಟೆಯನ್ನು ದಿನವೂ ನೋಡುವ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಇನ್ನು ವರ್ಗವಾಗಿ ಊರೂರು ತಿರುಗುವ ನಮ್ಮಂಥವರಿಗೇ ಮೀಸಲಾದ ಒಂದು ಅಪಾಯ. ಖಾತೆ ತೆರೆದದ್ದು ಹುಬ್ಬಳ್ಳಿಯಲ್ಲಿ, ಆಗ ಕೊಟ್ಟ ಮೊಬೈಲ್ ಸಂಖ್ಯೆ ಅಲ್ಲಿಯದು. ವಿಜಯವಾಡಕ್ಕೆ ಬಂದ ಮೇಲೆ ಹೊಸ ಸಿಮ್. ಹಳೆಯದು ರೀಚಾರ್ಜ್ ಇಲ್ಲದೆ ಸತ್ತಿತು. ಸಂಪರ್ಕ ಕಡಿದ ಸಂಖ್ಯೆ ಕನಿಷ್ಠ 90 ದಿನ ಕಳೆದ ಬಳಿಕ ಬೇರೊಬ್ಬರ ಪಾಲಾಗಬಹುದು. ಅಂದಿನಿಂದ ನಮ್ಮ ಓಟಿಪಿ ಅಪರಿಚಿತನ ಜೇಬಿಗೆ! ಹಾಗೆ ಹಣ ಹೋದರೂ "ಗ್ರಾಹಕರ ನಿರ್ಲಕ್ಷ್ಯ" ಎಂದೇ ಷರಾ. ಒಂದು ಸಂಖ್ಯೆಗೆ ಇಡೀ ಖಾತೆಯ ಬೀಗದಕೈ ಕಟ್ಟಿದವರು, ಆ ಸಂಖ್ಯೆ ಇನ್ನೂ ಖಾತೆದಾರನದೇ ಎಂದು ಆಗಾಗ ಪರೀಕ್ಷಿಸುವ ಹೊಣೆಯನ್ನು ಹೊರಬೇಡವೇ?

ಹಾಗಾದರೆ ಮತ್ತೆ ಪಾಸ್‌ಪುಸ್ತಕ ಹಿಡಿದು ಸಾಲಿನಲ್ಲಿ ನಿಲ್ಲೋಣವೇ ಎಂದು ಕೆಲವರು ನಗಬಹುದು. ಹಾಗೆ ನಾನು ಹೇಳುತ್ತಿಲ್ಲ. ಇಲ್ಲಿ ಬೊಂಬೆ ಮಾರುವವರ ಅಂಗಡಿಯಲ್ಲಿಯೂ ಕ್ಯೂಆರ್ ಫಲಕವಿದೆ. ಅದರಿಂದ ಅವರಿಗೆ ಅನುಕೂಲವೇ ಆಗಿದೆ. ಸೌಕರ್ಯದ ಲಾಭ ಬ್ಯಾಂಕಿಗೆ, ಅದರ ಅಪಾಯ ಗ್ರಾಹಕನಿಗೆ ಎಂಬ ಹಂಚಿಕೆಗೆ ಮಾತ್ರ ನನ್ನ ವಿರೋಧ.

ಈ ಹಂಚಿಕೆಯನ್ನು ರಿಸರ್ವ್ ಬ್ಯಾಂಕು ಕೂಡ ಒಪ್ಪಿಲ್ಲ. 2017ರ ಜುಲೈ 6ರ ಅದರ ಸುತ್ತೋಲೆಯನ್ನು ನೋಡಿ. ಲೋಪ ಬ್ಯಾಂಕಿನದಾದರೆ ಗ್ರಾಹಕನ ಹೊಣೆ ಸೊನ್ನೆ. ಲೋಪ ಇಬ್ಬರದೂ ಅಲ್ಲದೆ ಮೂರನೆಯವರಿಂದ ಆದದ್ದಾದರೆ, ಬ್ಯಾಂಕಿನ ಸೂಚನೆ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದವನಿಗೂ ಸೊನ್ನೆ. ತಿಳಿಸಿದ 10 ಕೆಲಸದ ದಿನಗಳೊಳಗೆ ಆ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ಜಮಾ ಮಾಡಬೇಕು. 90 ದಿನಗಳಲ್ಲಿ ದೂರು ಇತ್ಯರ್ಥವಾಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಪ್ಪು ಗ್ರಾಹಕನದೆಂದು ರುಜುವಾತು ಪಡಿಸುವ ಭಾರ ಬ್ಯಾಂಕಿನ ಮೇಲೆಯೇ ಇದೆ ಎಂದು ಆ ಸುತ್ತೋಲೆ ಸ್ಪಷ್ಟವಾಗಿ ಸಾರಿತು. ಗುಟ್ಟಿನ ಸಂಖ್ಯೆಯನ್ನು ತಾನೇ ಹೇಳಿಕೊಟ್ಟವನು ದೂರು ಕೊಡುವವರೆಗಿನ ನಷ್ಟವನ್ನು ಹೊರಬೇಕೆಂಬ ಮಾತೂ ಅದರಲ್ಲಿದೆ, ನಿಜ. ಆದರೆ ಬಂದವರೆಲ್ಲರನ್ನೂ ವಿಚಾರಿಸದೆ ಅದೊಂದೇ ಕೋಣೆಗೆ ದೂಡುವುದು ಅನ್ಯಾಯ.

ಆದ್ದರಿಂದ ಬಂಧುಗಳೇ, ಹಣ ಹೋದರೆ ನಾಚಿ ಮುಚ್ಚಿಡಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ. ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು, ದಿನಾಂಕವಿರುವ ಸ್ವೀಕೃತಿ ಪಡೆಯಿರಿ. "ತಪ್ಪು ನಿಮ್ಮದು" ಎಂದವರಿಗೆ "ಹಾಗೆಂದು ಬರೆದು ಕೊಡಿ, ಆಧಾರವನ್ನೂ ಕೊಡಿ" ಎನ್ನಿ. ಕಚೇರಿಗಳಲ್ಲಿ ಬಾಯಿಮಾತಿಗಿಂತ ಕಾಗದಕ್ಕೆ ತೂಕ ಹೆಚ್ಚು ಎಂಬುದು ಗುಮಾಸ್ತನಾದ ನನಗೆ ಚೆನ್ನಾಗಿ ಗೊತ್ತು.

ನಮ್ಮ ಸಂಘದ ಕಾರ್ಯಕಾರಿ ಸಮಿತಿಗೂ ಒಂದು ವಿನಂತಿ. ರಾಜ್ಯೋತ್ಸವದ ದಿನ ಸಭಾಭವನದಲ್ಲಿ ಒಂದು ಮೇಜು ಹಾಕಿ, ಹಿರಿಯರ ಬೆರಳಚ್ಚಿಗೆ ಬೀಗ ಹಾಕಿಸುವುದಕ್ಕೂ, ಖಾತೆಯ ಮೊಬೈಲ್ ಸಂಖ್ಯೆ ಸರಿಯಿದೆಯೇ ಎಂದು ನೋಡುವುದಕ್ಕೂ ನಮ್ಮ ಹುಡುಗರನ್ನು ಕೂರಿಸಿರಿ. ಜೊತೆಗೆ ಎಚ್ಚರಿಕೆಯ ಸಂದೇಶಗಳು ಗ್ರಾಹಕನು ಬಯಸಿದ ಭಾಷೆಯಲ್ಲಿ ಬರಲೆಂದು ಬ್ಯಾಂಕುಗಳಿಗೆ ಸಂಘದ ಪರವಾಗಿ ಪತ್ರ ಬರೆಯಿರಿ. ಕನ್ನಡವೊಂದನ್ನೇ ಓದಬಲ್ಲ ತಾಯಿಗೆ ಇಂಗ್ಲಿಷಿನಲ್ಲಿ ಬಂದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ. ನಮ್ಮ ಎಚ್ಚರ ನಮಗಿರಲಿ. ಬೀಗ ಗಟ್ಟಿಯಾಗಿರಬೇಕಾದದ್ದು ಮಾತ್ರ ಅದನ್ನು ಮಾಡಿದವರ ಹೊಣೆ.

— ಸಂಘದ ಒಬ್ಬ ಸದಸ್ಯ, ಕೊಂಡಪಲ್ಲಿ